ಚೀನಾದಲ್ಲಿ ಹಾಕಿದ ಸನ್ಮಾನದ ಬ್ಯಾನರ್

ಇಂಡಿ, ಹೊರಡುವ ಮುಂಚೆ

ಇದನ್ನು ನೀವು ನಂಬುವುದಿಲ್ಲ. ನಮ್ಮ ಕ್ಲಾಸಿನ ಹುಡುಗರೇ ನಂಬಲಿಲ್ಲ. ಚೀನಾಕ್ಕೆ ಹೋಗಿ ಬಂದೆ ಎಂದರೆ ಒಬ್ಬ, "ಅದು ನಮ್ ಬಾಜೂ ಊರು ತಾಂಬಾ ದಾಟಿದ ಮ್ಯಾಲೆ ಬರ್ತೈತೋ, ಮೊದಲ ಬರ್ತೈತೋ?" ಎಂದು ಕೇಳಿದ. ನಾನು ಮಾತು ಹಿಗ್ಗಿಸುತ್ತೇನೆ ಎಂಬ ಹೆಸರು ಊರಲ್ಲಿ ಮೊದಲೇ ಇದೆ. ಕ್ರಿಕೆಟ್ಟಿನಲ್ಲಿ ಹನ್ನೆರಡು ರನ್ ಹೊಡೆದರೆ ಮನೆ ಮುಟ್ಟುವಷ್ಟರಲ್ಲಿ ಮೂವತ್ತಾಗಿರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಕೆಳಗಿನ ತಮಾಷೆಯಲ್ಲಿ ಅರ್ಧ ನನ್ನ ಕೈಚಳಕ. ಹೆದರಿಕೆ ಮಾತ್ರ ಪೂರ್ತಿ ನಿಜ. ಅದನ್ನು ಇದ್ದುದಕ್ಕಿಂತ ಕಡಿಮೆ ಮಾಡಿಯೇ ಬರೆದಿದ್ದೇನೆ. ಊರಲ್ಲಿ ತಲೆ ಎತ್ತಿ ಓಡಾಡಬೇಕಲ್ಲ.

ಅಪ್ಪನದು ಇಂಡಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರ. ದೊಡ್ಡದು, ಸಣ್ಣದು, ಕಲೆ ಇದ್ದದ್ದು ಎಂದು ಲಿಂಬೆಯನ್ನು ಬೇರೆ ಮಾಡುವ ಮಷಿನ್ ಚೀನಾದಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಕಣ್ಣಾರೆ ನೋಡದೆ ಏನನ್ನೂ ತರದ ಅಪ್ಪ, ತನ್ನ ಪಾಲುದಾರ ಸಿಂದಗಿಯ ಮಲ್ಲಪ್ಪ ಕಾಕಾನ ಜೊತೆ ಹೊರಟ. ನನ್ನ ಹತ್ತನೆಯ ಪರೀಕ್ಷೆ ಮುಗಿದಿತ್ತು. "ಇವನಿಗೆ ಇಂಗ್ಲಿಷ್ ಬರ್ತೈತಿ" ಎಂದು ನಾನೇ ಹಬ್ಬಿಸಿದ್ದ ಸುದ್ದಿಯನ್ನು ಅಪ್ಪ ನಂಬಿದ್ದ. ಹಾಗಾಗಿ ನನ್ನನ್ನೂ ಕರೆದುಕೊಂಡ.

ನನ್ನ ನಿಜವಾದ ವಿದ್ಯೆ ಬೇರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ನಮ್ಮ ಬಂಧುಬಳಗದ ಹುಟ್ಟುಹಬ್ಬ, ನಿವೃತ್ತಿ, ಹೊಸ ಟ್ರ್ಯಾಕ್ಟರ್ ಏನೇ ಇರಲಿ, ಮೊಬೈಲಿನಲ್ಲಿ ಬ್ಯಾನರ್ ಮಾಡುವವನು ನಾನು. ನಡುವೆ ಸನ್ಮಾನಿತರ ಮುಖ, ಸುತ್ತ ಹೂವು, ಹಿಂದೆ ಮೂರು ಬಣ್ಣದ ಭಾರತದ ನಕಾಶೆ, ಕೆಳಗೆ ಕೈಮುಗಿದು ನಿಂತ ಹಿರಿಯರ ಸಾಲು. ಮಾಡಿದ ಮೇಲೆ ಫೋನಿನಲ್ಲಿರುವ ಎಲ್ಲ ಗುಂಪಿಗೂ ಕಳಿಸಲೇಬೇಕು. ಒಂದು ಗುಂಪು ಬಿಟ್ಟರೆ ಮನಸ್ತಾಪ. ಮಾವನ ಮನೆಯ ಬ್ಯಾನರ್ ತಮ್ಮ ಗುಂಪಿಗೆ ಬರಲಿಲ್ಲವೆಂದು ನಾಲತವಾಡದ ಅತ್ತೆ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಮಾತು ಬಿಟ್ಟಿದ್ದಳು. ಅಂದಿನಿಂದ ನಾನು ಗುಂಪಿನ ಹೆಸರು ಕೂಡ ಓದುವುದಿಲ್ಲ. ಎಲ್ಲದರ ಮೇಲೂ ಬೆರಳು ಒತ್ತುತ್ತೇನೆ.

ಗುವಾಂಗ್‌ಝೌ, ಮೊದಲ ದಿನ

ವಿಮಾನ ನಿಲ್ದಾಣದಲ್ಲಿ ಕ್ಯಾಮೆರಾದ ಮುಂದೆ ಮುಖ ಹಿಡಿಯಬೇಕು. ಮಲ್ಲಪ್ಪ ಕಾಕಾ ಫೋಟೊ ತೆಗೆಯುತ್ತಿದ್ದಾರೆಂದು ತಿಳಿದು ಮೀಸೆ ತಿರುವಿ, ಎದೆ ಉಬ್ಬಿಸಿ ನಿಂತ. ಮಷಿನ್ನು ಅವನನ್ನು ಒಪ್ಪಲಿಲ್ಲ. ಮೂರು ಸಲ ನಿಲ್ಲಿಸಿದರು. ಮೂರನೆಯ ಸಲಕ್ಕೆ ಅವನ ಮುಖ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆದರಿದ ಮುಖವಾಗಿತ್ತು. ಆಗ ಬಿಟ್ಟರು.

ಹೊರಗೆ ನಮ್ಮ ದುಭಾಷಿ ನಿಂತಿದ್ದಳು. ಕಾಲೇಜಿನಲ್ಲಿ ಹಿಂದಿ ಕಲಿತವಳು. ಭಾರತದ ವ್ಯಾಪಾರಿಗಳಿಗೆ ಅನುಕೂಲವಾಗಲೆಂದು ತಾನೇ ಮೇಘಾ ಎಂದು ಹೆಸರು ಇಟ್ಟುಕೊಂಡಿದ್ದಳು. ಅವಳ ಹಿಂದಿ ರೇಡಿಯೊ ವಾರ್ತೆಯ ಹಾಗೆ ಶುದ್ಧ. ನಮ್ಮಪ್ಪನ ಹಿಂದಿ ಸಂತೆಯದು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಹೋಟೆಲಿನ ವೈಫೈ ಸಿಕ್ಕ ಕೂಡಲೇ ನಾನು ರೀಲ್ಸ್ ತೆರೆದೆ. ತೆರೆಯಲಿಲ್ಲ. ವಾಟ್ಸಾಪ್ ತೆರೆಯಲಿಲ್ಲ. ಹುಡುಕುವ ಪುಟವೂ ತೆರೆಯಲಿಲ್ಲ. ಬಿಳಿ ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಕಾಕಾ ಹೆಂಡತಿಗೆ ವಿಡಿಯೊ ಕಾಲ್ ಮಾಡಲು ಹೋಗಿ ಸೋತು ಮಂಚದ ಮೇಲೆ ಕುಳಿತ.

"ಇಲ್ಲಿ ಸರಕಾರದವ್ರಿಗೆ ನಮ್ ಮನ್ಯಾಕಿ ಮ್ಯಾಲೆ ಏನ್ ಸಿಟ್ಟಪ್ಪಾ," ಎಂದ. "ಅಕಿ ಅವ್ರಿಗೇನ್ ಅಂದಾಳ?"

"ಆ ಆ್ಯಪ್‌ಗಳು ಇಲ್ಲಿ ಬಂದ್," ಎಂದಳು ಮೇಘಾ. "ಇಲ್ಲಿಯ ಮಾತು ಕೇಳುವ ಆ್ಯಪ್ ಮಾತ್ರ ಇರುತ್ತವೆ."

ನಾನು ನಕ್ಕೆ. ನಾನು ಸಣ್ಣವನಿದ್ದಾಗ ಚೀನಾದ ಒಂದು ವಿಡಿಯೊ ಆ್ಯಪಿನಲ್ಲಿ ಕುಣಿದು ಹೆಸರು ಮಾಡಿದ್ದೆ. ಒಂದು ದಿನ ನಮ್ಮ ಸರ್ಕಾರ ಅದನ್ನು ಬಂದ್ ಮಾಡಿತು. ನನ್ನ ಕುಣಿತವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಈಗ ನಾವು ಬಳಸುವವು ಅವರಲ್ಲಿಲ್ಲ, ಅವರವು ನಮ್ಮಲ್ಲಿಲ್ಲ, ನಡುವೆ ಮಲ್ಲಪ್ಪ ಕಾಕಾ. ನಮ್ಮ ಕಡೆಯೂ ಎಲ್ಲಾದರೂ ಗಲಾಟೆಯಾದರೆ ನೆಟ್ ನಿಲ್ಲಿಸುತ್ತಾರೆ, ಆದರೆ ಅದು ಕರೆಂಟ್ ಹೋದ ಹಾಗೆ. ಎಲ್ಲರೂ ಕಟ್ಟೆಗೆ ಬಂದು ಕುಳಿತು ಬೈಯುತ್ತಾರೆ, ಎರಡು ದಿನಕ್ಕೆ ಬರುತ್ತದೆ. ಇಲ್ಲಿ ಯಾರೂ ಬೈಯುತ್ತಿರಲಿಲ್ಲ.

"ಅಕ್ಕಾ, ಅಡ್ಡದಾರಿಯಿಂದ ತೆರೆಯೋ ಆ್ಯಪ್ ಇರ್ತಾವಂತಲ್ಲ," ಎಂದು ನಾನು ಲಿಫ್ಟಿನಲ್ಲಿ ಶ್ಯಾಣ್ಯಾತನ ತೋರಿಸಿದೆ. ಮೇಘಾ ಲಿಫ್ಟಿನ ಮೂಲೆಯಲ್ಲಿದ್ದ ಕ್ಯಾಮೆರಾದ ಕಡೆ ಒಮ್ಮೆ ನೋಡಿ, ನನ್ನ ತಲೆ ಸವರಿ, ಊಟಕ್ಕೆ ಏನು ಬೇಕು ಎಂದು ಕೇಳಿದಳು.

ಎರಡನೇ ದಿನ, ಮಷಿನ್ ಕಾರ್ಖಾನೆ

ಬೆಲ್ಟಿನ ಮೇಲೆ ಲಿಂಬೆಹಣ್ಣು ಉರುಳುತ್ತ ಬರುತ್ತವೆ. ಮೇಲೆ ಕ್ಯಾಮೆರಾ. ಕಲೆ ಇದ್ದ ಹಣ್ಣು ಬಂದರೆ ಪಕ್ಕದಿಂದ ಪುಸ್ಸೆಂದು ಗಾಳಿ ಬಂದು ಅದನ್ನು ಬುಟ್ಟಿಗೆ ಹಾರಿಸುತ್ತದೆ. ಅಪ್ಪ ಮಾತಾಡುವುದನ್ನೇ ಮರೆತು ನೋಡುತ್ತಿದ್ದ. ಕಾಕಾ ಬುಟ್ಟಿಯಿಂದ ಒಂದು ಹಣ್ಣು ಎತ್ತಿ ತಿರುಗಿಸಿ ಮೂಸಿದ.

"ಇದು ಛಲೋ ಐತಲ್ಲೋ. ಇದನ್ಯಾಕ ಒಗೀತು?"

ಮೇಘಾ ಕಾರ್ಖಾನೆಯ ಮಾಲೀಕನನ್ನು ಕೇಳಿ ಹೇಳಿದಳು: "ಮಷಿನ್ನಿಗೆ ಕೆಟ್ಟದ್ದು ಯಾವುದೆಂದು ಗೊತ್ತಿಲ್ಲ. ಕೆಟ್ಟ ಹಣ್ಣಿನ ಫೋಟೊ ತೋರಿಸಿ ಕಲಿಸಿರುತ್ತಾರೆ. ಅನುಮಾನ ಬಂದರೆ ತಳ್ಳಿಬಿಡುತ್ತದೆ. ಒಂದು ಒಳ್ಳೆಯ ಹಣ್ಣು ಹೋದರೆ ನಷ್ಟ ಸಣ್ಣದು. ಒಂದು ಕೆಟ್ಟ ಹಣ್ಣು ಉಳಿದರೆ ಇಡೀ ಪೆಟ್ಟಿಗೆ ವಾಪಸ್ ಬರುತ್ತದೆ."

ಮಾತುಕತೆ ಮುಗಿಯಿತು. ಇನ್ನು ಸನ್ಮಾನ. ನಮ್ಮ ಕಡೆ ಒಬ್ಬರಿಂದ ಉಪಕಾರವಾದರೆ ಶಾಲು ಹೊದಿಸದೆ ಬರುವುದಿಲ್ಲ. ಅಪ್ಪ ಇಂಡಿಯಿಂದಲೇ ಶಾಲು, ಕೆಂಪು ರುಮಾಲು ತಂದಿದ್ದ. ಮಾಲೀಕ ಚೆನ್ ಸಾಹೇಬರು ಗುಂಡಗಿನ ನಗುಮುಖದ ಮನುಷ್ಯ. ಕಾಕಾ ಅವರ ತಲೆಗೆ ರುಮಾಲು ಸುತ್ತಿದಾಗ ಬಾಗೇವಾಡಿ ಕಡೆಯ ಪಂಚಾಯತಿ ಸದಸ್ಯರ ಹಾಗೆ ಕಂಡರು. ಕೆಲಸಗಾರರು ಚಪ್ಪಾಳೆ ಹೊಡೆದರು. ನಾನು ಫೋಟೊ ತೆಗೆದೆ.

ಬ್ಯಾನರ್ ಮಾಡಲು ನನಗೆ ಐದು ನಿಮಿಷ ಸಾಕು. ಚೆನ್ ಸಾಹೇಬರ ಮುಖ, ಹೂವು, ಹಿಂದೆ ನಮ್ಮ ನಕಾಶೆ, ಕೆಳಗೆ ಅಪ್ಪ ಮತ್ತು ಕಾಕಾ ಕೈಮುಗಿದು. "ಹಾರ್ದಿಕ ಅಭಿನಂದನೆಗಳು" ಎಂದು ಬಂಗಾರದ ಅಕ್ಷರ. ನನ್ನ ಫೋನಿನಲ್ಲಿ ಅವರು ಸಂದೇಶ ಕಳಿಸುವ ಆ್ಯಪ್ ಇರಲಿಲ್ಲ. ಆದ್ದರಿಂದ ವಾಪಸ್ ಹೊರಟಾಗ ವ್ಯಾನಿನಲ್ಲಿ ಬ್ಯಾನರನ್ನು ಬ್ಲೂಟೂತಿನಿಂದ ಮೇಘಾಳ ಫೋನಿಗೆ ಹಾಕಿದೆ. ಅವಳು ಕಾರ್ಖಾನೆಯ ಗುಂಪನ್ನು ತೆರೆದು ಫೋನು ನನ್ನ ಕೈಗೆ ಕೊಟ್ಟಳು. "ಈ ಗುಂಪಿಗೆ ಕಳಿಸು," ಎಂದು ಹೇಳಿ ಮುಂದಿನ ಸೀಟಿನಲ್ಲಿ ಅಪ್ಪನ ಜೊತೆ ಮಷಿನ್ನಿನ ಮಾತಿಗೆ ತಿರುಗಿದಳು.

ಕಳಿಸಿದೆ. ಮೆಚ್ಚುಗೆಯ ಹೆಬ್ಬೆರಳುಗಳು ಬಂದವು. ಕೆಳಗೆ ನೋಡಿದರೆ ಇನ್ನೂ ಹದಿನಾಲ್ಕು ಗುಂಪು, ಎಲ್ಲದರ ಹೆಸರು ಚೀನಿ ಅಕ್ಷರದಲ್ಲಿ. ನನ್ನ ಬೆರಳಿಗೆ ಅಭ್ಯಾಸ. ಇಂಥ ಬ್ಯಾನರ್ ಒಂದೇ ಗುಂಪಿನಲ್ಲಿ ಸತ್ತುಹೋಗುವುದೇ? ಹದಿನಾಲ್ಕಕ್ಕೂ ಒತ್ತಿದೆ. ಪಕ್ಕದಲ್ಲಿ ಕಾಕಾ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದ. ನಾನು ಫೋನು ಹಿಂದಿರುಗಿಸಿದೆ.

ಹೋಟೆಲು ಬರುವಷ್ಟರಲ್ಲಿ ಆ ಫೋನು ಹತ್ತು ಸಲ ಗುಂಯ್‌ಗುಟ್ಟಿತು. ಮೇಘಾ ನೋಡಿದಳು. ಮನುಷ್ಯರ ಮುಖದಿಂದ ಬಣ್ಣ ಇಳಿಯುತ್ತದೆ ಎಂದು ಓದಿದ್ದೆ. ಅವತ್ತು ನೋಡಿದೆ. ಚೆನ್ ಸಾಹೇಬರು ಕರೆ ಮಾಡಿ ಕೂಗುತ್ತಿದ್ದರು, ಅದೇ ಗುಂಡಗಿನ ನಗುಮುಖದವರು. ಕಾರ್ಖಾನೆಯ ಗುಂಪನ್ನೇ ಅಳಿಸಿದ್ದರಂತೆ. ರುಮಾಲು, ಶಾಲು ಎರಡನ್ನೂ ಚೀಲಕ್ಕೆ ತುಂಬಿ ನಮ್ಮ ಹೋಟೆಲಿಗೆ ಕಳಿಸಿಕೊಟ್ಟರು.

ತಪ್ಪು ನಕಾಶೆಯದು. ನಮ್ಮ ಶಾಲೆಯ ಪುಸ್ತಕದಲ್ಲಿ ನಮ್ಮದು ಎಂದಿರುವ ಕೆಲವು ಜಾಗ ಅವರ ಪುಸ್ತಕದಲ್ಲಿ ಅವರದು. ಅವರ ದೇಶದಲ್ಲಿ ಅವರ ಗೆರೆ ಬಿಟ್ಟು ಬೇರೆ ಗೆರೆಯ ನಕಾಶೆ ಹಂಚುವುದು ಅಪರಾಧ. ಸ್ವಲ್ಪ ಹೊತ್ತಿಗೆ ಮೇಘಾಳ ಖಾತೆಯೇ ಬಂದ್ ಆಯಿತು. ಪರದೆಯ ಮೇಲೆ ನಾಲ್ಕು ಸಾಲು, ಒಂದು ಕೆಂಪು ಗುರುತು.

"ಸರ್ಕಾರದವರು ಇಷ್ಟು ಲಗೂ ನೋಡಿದ್ರಾ?" ಎಂದು ಅಪ್ಪ ಕೇಳಿದ.

"ಸರ್ಕಾರ ನೋಡುವುದಿಲ್ಲ, ಆ್ಯಪಿನ ಕಂಪನಿ ನೋಡುತ್ತದೆ," ಎಂದಳು ಮೇಘಾ. "ಇಂಥದ್ದು ಉಳಿದರೆ ಕಂಪನಿಯ ಬಾಗಿಲಿಗೆ ಬೀಗ ಬೀಳುತ್ತದೆ. ಯಾವುದು ಇರಬಾರದು ಎಂಬ ಪೂರ್ತಿ ಪಟ್ಟಿಯನ್ನು ಯಾರೂ ನಮಗೆ ತೋರಿಸುವುದಿಲ್ಲ. ಹಾಗಾಗಿ ಅನುಮಾನ ಬಂದದ್ದನ್ನೆಲ್ಲ ಅವರೇ ತೆಗೆದುಬಿಡುತ್ತಾರೆ."

"ಅಂದ್ರ ಅದೂ ಒಂದು ಲಿಂಬಿಹಣ್ಣ ಆರಸೂ ಮಷಿನ್ನ ಅನ್ನು," ಎಂದ ಕಾಕಾ.

ಮೂರನೇ ದಿನ, ಮೆಟ್ರೋ ಸ್ಟೇಷನ್

ಆ ದೇಶದಲ್ಲಿ ಆ ಒಂದು ಆ್ಯಪ್ ಹೋದರೆ ಮನುಷ್ಯ ಹೋದ ಹಾಗೆ. ಮೆಟ್ರೋ ಗೇಟಿಗೆ ಮೇಘಾ ಫೋನು ಹಿಡಿದಳು, ತೆರೆಯಲಿಲ್ಲ. ಚಹಾದ ಅಂಗಡಿಯಲ್ಲಿ ಹಿಡಿದಳು, ಆಗಲಿಲ್ಲ. ಅವಳ ಸಂಬಳ ಬರುವುದು ಅದರಲ್ಲಿ, ಮನೆಯ ಬಾಡಿಗೆ ಹೋಗುವುದು ಅದರಲ್ಲಿ, ಆರು ವರ್ಷ ಕೂಡಿಸಿದ ಭಾರತದ ಗಿರಾಕಿಗಳ ನಂಬರೆಲ್ಲ ಅದರಲ್ಲಿ. ಒಬ್ಬರಿಗೆ ಒಂದೇ ಖಾತೆ, ಗುರುತಿನ ಚೀಟಿಗೆ ಕಟ್ಟಿದ್ದು. ಇನ್ನೊಂದು ಮಾಡಲು ಬರುವುದಿಲ್ಲ.

ಸ್ಟೇಷನ್ನಿನ ಬೆಂಚಿನ ಮೇಲೆ ಕಾಕಾ ತನ್ನ ಡಬ್ಬಿ ತೆರೆದು ಅವಳಿಗೆ ಖಡಕ್ ರೊಟ್ಟಿ, ಚಟ್ನಿಗೆ ಶೇಂಗಾ ಹಿಂಡಿ ಕೊಟ್ಟ. "ತಿನ್ನವಾ. ಇದಕ್ಕ ಫೋನ್ ತೋರಸೂದು ಬ್ಯಾಡ." ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು. ಹಿಂಡಿಯ ಖಾರವೋ ಏನೋ, ಕಣ್ಣಲ್ಲಿ ನೀರು ಬಂತು. ಖಾರ ಎಂದೇ ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಅಪ್ಪ ಟಿಕೆಟ್ ಯಂತ್ರದ ಕಡೆ ಹೋದಾಗ ಅವಳು ನನ್ನ ಪಕ್ಕ ಕುಳಿತಳು.

"ಕಾರ್ಖಾನೆಯ ಗುಂಪಿನಲ್ಲಿ ಇಪ್ಪತ್ತು ಜನ. ಅಲ್ಲಿಗೆ ನಿಂತಿದ್ದರೆ ಇಷ್ಟಾಗುತ್ತಿರಲಿಲ್ಲ. ನನ್ನ ಕಟ್ಟಡದ ಗುಂಪಿಗೆ ಹೋಗಿದೆ. ಅಮ್ಮನ ನೃತ್ಯದ ಗುಂಪಿಗೆ ಹೋಗಿದೆ. ಬಡಾವಣೆಯ ಕಚೇರಿಯವರು ಇರುವ ಗುಂಪಿಗೂ ಹೋಗಿದೆ. ಯಾರು ಕಳಿಸಿದ್ದು?"

"ಅದ… ತಾನ ಹೋಗಿರಬೇಕು, ಅಕ್ಕಾ. ಒಮ್ಮೊಮ್ಮೆ ಹಂಗ ಆಗ್ತದ."

ಅವಳು ನನ್ನನ್ನು ನೋಡಿದಳು. ಎರಡನೆಯ ಸಲ ಕೇಳಲಿಲ್ಲ. ನಮ್ಮವ್ವನಾಗಿದ್ದರೆ ನಾಲ್ಕು ಸಲ ಕೇಳುತ್ತಿದ್ದಳು, ಐದನೆಯ ಸಲಕ್ಕೆ ನಾನು ಒಪ್ಪಿಕೊಳ್ಳುತ್ತಿದ್ದೆ. ಒಂದೇ ಸಲ ಕೇಳುವವರ ಮುಂದೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಹೋಟೆಲಿಗೆ ಠಾಣೆಯವರೊಬ್ಬರು ಬರುತ್ತಾರೆ, ಹೇಳಿಕೆ ಬರೆದುಕೊಡಬೇಕು ಎಂದು ಅವಳಿಗೆ ಕರೆ ಬಂತು. ಪಶ್ಚಾತ್ತಾಪ ತೋರಿಸಲು ಬ್ಯಾನರನ್ನು ತಮ್ಮ ದೇಶದ ನಕಾಶೆ ಹಾಕಿ ತಿದ್ದಿಕೊಡು ಎಂದು ಅವಳು ನನ್ನನ್ನು ಕೇಳಿದಳು. ಅವರ ಗೆರೆಯ ನಕಾಶೆಯ ಜೊತೆ ಅಪ್ಪನ ಫೋಟೊ ಹಾಕಿ, ಅದು ಹೇಗೋ ನಮ್ಮೂರಿಗೆ ಮುಟ್ಟಿದರೆ? ನಮ್ಮ ದೇಶದಲ್ಲೂ ನಕಾಶೆ ತಪ್ಪು ಹಾಕಿದರೆ ಕೇಸು. ನಮ್ಮ ಪರಿಚಯದ ಒಬ್ಬ ಗುಂಪಿನ ಅಡ್ಮಿನ್, ಯಾರೋ ಕಳಿಸಿದ ಒಂದು ಫಾರ್ವರ್ಡಿಗೆ ಇಡೀ ದಿನ ಠಾಣೆಯ ಬೆಂಚಿನ ಮೇಲೆ ಕುಳಿತು ಬಂದಿದ್ದ. ನಮ್ಮಲ್ಲೂ ಸರ್ಕಾರದ ನೋಟಿಸು ಬಂದರೆ ಕಂಪನಿಗಳು ಗಡುವು ಮೀರದಂತೆ ಗಡಿಯಾರ ನೋಡಿಕೊಂಡು ಪೋಸ್ಟ್ ತೆಗೆಯುತ್ತವೆ. ಎರಡು ದೇಶಕ್ಕೂ ಒಪ್ಪಿಗೆಯಾಗುವ ನಕಾಶೆ ಭೂಮಿಯ ಮೇಲೆ ಇರಲಿಲ್ಲ.

ಕೊನೆಗೆ ನಕಾಶೆಯನ್ನೇ ತೆಗೆದೆ. ಹೂವು ಉಳಿಸಿದೆ. ಹೂವಿಗೂ ಇಲ್ಲಿ ಏನಾದರೂ ಅರ್ಥವಿದ್ದರೆ ಎಂದು ಅದನ್ನೂ ತೆಗೆದೆ. ಕೈಮುಗಿದವರನ್ನು ತೆಗೆದೆ. ಬಿಳಿ ಹಾಳೆಯ ಮೇಲೆ ಒಂದು ಲಿಂಬೆಹಣ್ಣು ಉಳಿಯಿತು. ನಮ್ಮೂರಿನಲ್ಲಿ ಮೂರು ದಾರಿ ಕೂಡುವಲ್ಲಿ ಒಂಟಿ ಲಿಂಬೆಹಣ್ಣು ಬಿದ್ದಿದ್ದರೆ ದಾಟಲು ಹೆದರುತ್ತೇವೆ. ಅದನ್ನು ನೋಡುತ್ತ ನೋಡುತ್ತ ನನಗೇ ಹೆದರಿಕೆಯಾಗಿ ಅಳಿಸಿಬಿಟ್ಟೆ. ನಾನು ಮಾಡಿದ ಬ್ಯಾನರುಗಳಲ್ಲಿ ಅಷ್ಟು ಖಾಲಿಯಾದದ್ದು ಇನ್ನೊಂದಿಲ್ಲ.

ಕಾಕಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ.

"ಏ ಶ್ಯಾಣ್ಯಾ," ಎಂದ. "ಟವೆಲ್ಲಿನ್ಯಾಗಿಂದ ಎಲ್ಲಾ ಕಾಣ್ತೈತಿ. ಗೊತ್ತೈತಿಲ್ಲೋ?"

"ಕಾಕಾ, ಅಪ್ಪಗ ಹೇಳಬ್ಯಾಡ. ಗೊತ್ತಾದ್ರ ಇಲ್ಲಿ ಪೊಲೀಸ್ರು ವಿಮಾನ ಹತ್ತಾಕ ಬಿಡೂದಿಲ್ಲ ನನ್ನ."

"ಮತ್ತ ಆ ಹುಡಿಗಿ ಎಲ್ಲಿಗಿ ಹೋಗಬೇಕು? ಅಕಿ ಊರು ಇದ."

ನಾನು ಫೋನಿನ ಕಡೆ ತಿರುಗಿದೆ. ಅವನೂ ನಿಲ್ಲಲಿಲ್ಲ.

ನಾಲ್ಕನೇ ದಿನ, ಹೋಟೆಲಿನ ಸಣ್ಣ ಕೋಣೆ

ಬಂದವನು ಯೂನಿಫಾರ್ಮ್ ಹಾಕಿರಲಿಲ್ಲ. ನಮ್ಮ ಗಣಿತದ ಮಾಸ್ತರರ ವಯಸ್ಸು, ನೀಲಿ ಜಾಕೆಟ್, ಬಗಲಲ್ಲಿ ಫೈಲು. ಫ್ಲಾಸ್ಕಿನಿಂದ ಕಾಗದದ ಲೋಟಗಳಿಗೆ ಬಿಸಿನೀರು ಸುರಿದು ಮೊದಲು ನನಗೆ ಕೊಟ್ಟ. ನಮ್ಮ ಕಡೆ ಠಾಣೆಯಲ್ಲಿ ಮೊದಲು ಗದರಿಸುತ್ತಾರೆ. ಗದರಿಕೆ ಕೇಳಿದರೆ ಎಷ್ಟು ಹೆದರಬೇಕು ಎಂಬ ಅಂದಾಜಾದರೂ ಸಿಗುತ್ತದೆ. ಇವನು ನಗುತ್ತಿದ್ದ. ನನಗೆ ಅಂದಾಜೇ ಸಿಗಲಿಲ್ಲ.

ಮೇಜಿನ ಮೇಲೆ ನನ್ನ ಬ್ಯಾನರ್ ಇತ್ತು, ದಪ್ಪ ಕಾಗದದ ಮೇಲೆ ಬಣ್ಣದಲ್ಲಿ ಮುದ್ರಿಸಿದ್ದು. ಮುದ್ರಣ ಬಹಳ ಚೆನ್ನಾಗಿತ್ತು. ಅಂಥ ಹೊತ್ತಿನಲ್ಲೂ ನನಗೆ ಅದು ಕಂಡಿತು. ನಕಾಶೆಯ ಮೇಲ್ಭಾಗದಲ್ಲಿ ಎರಡು ಕಡೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು.

ಅಪ್ಪ ಕೋಣೆಯಲ್ಲಿ ಸಾಮಾನು ಕಟ್ಟುತ್ತಿದ್ದ. ನೀನು ಬ್ಯಾನರ್ ಮಾಡಿದವನು, ಒಂದು ಮಾತು ಕೇಳುತ್ತಾರಂತೆ, ಅಷ್ಟೇ ಎಂದು ಮೇಘಾ ನನ್ನನ್ನು ಕರೆತಂದಿದ್ದಳು. ಅವಳು ಬರೆಯುತ್ತಿದ್ದಳು. ಎರಡು ಹಾಳೆ ತುಂಬಿ ಮೂರನೆಯದು ನಡೆದಿತ್ತು.

"ಏನ್ ಬರಿಯಾಕತ್ತೀರಿ ಅಕ್ಕಾ?" ಎಂದು ಹಿಂದಿಯಲ್ಲಿ ಪಿಸುಗುಟ್ಟಿದೆ.

"ನಾನು ಕಳಿಸಿದೆ ಎಂದು," ಎಂದಳು ತಲೆ ಎತ್ತದೆ. "ಫೋನು ನನ್ನದು, ಖಾತೆ ನನ್ನದು. ನೀನು ಚಿಕ್ಕವನು, ನಾಳೆ ವಿಮಾನವಿದೆ."

ಅಧಿಕಾರಿ ನನ್ನ ಕಡೆ ತಿರುಗಿ ಏನೋ ಕೇಳಿದ. ಮೇಘಾ ವಾರ್ತೆ ಓದುವ ದನಿಯಲ್ಲಿ ಅದನ್ನು ಹಿಂದಿಗೆ ತಂದಳು. "ಇವರು ಕೇಳುತ್ತಿದ್ದಾರೆ. ನಾನು ಎಲ್ಲ ಗುಂಪುಗಳಿಗೆ ಕಳಿಸುವಾಗ ನೀನು ವ್ಯಾನಿನಲ್ಲಿದ್ದೆಯಾ?"

ಇಂಡಿಯಿಂದ ಗುವಾಂಗ್‌ಝೌವರೆಗೆ ಬಾಯಿ ಮುಚ್ಚದ ನಾನು ಸುಮ್ಮನೆ ತಲೆ ಆಡಿಸಿದೆ. ಹೌದು ಎಂದು. ಅವಳು ಆ ತಲೆ ಆಡಿಸಿದ್ದನ್ನೂ ಚೀನಿ ಭಾಷೆಗೆ ತಂದು ಹೇಳಿದಳು.

ಅಧಿಕಾರಿ ಇನ್ನೂ ಸ್ವಲ್ಪ ಹೊತ್ತು ಮೆಲ್ಲಗೆ ಮಾತಾಡಿದ. ಅದನ್ನು ಅವಳು ನನಗೆ ಹೇಳಬೇಕಾಗಿರಲಿಲ್ಲ. ಆದರೂ ಹೇಳಿದಳು, ಯಾರದೋ ಸುದ್ದಿ ಎಂಬಂತೆ. "ಸಹಿ ಮಾಡಿದ ಮೇಲೆ ಖಾತೆ ಕಾಯಂ ಬಂದ್ ಆಗುತ್ತದೆ. ನಾನು ಕೆಲಸ ಮಾಡುವ ದುಭಾಷಿ ಕಂಪನಿಗೆ ಪತ್ರ ಹೋಗುತ್ತದೆ. ಇನ್ನು ವಿದೇಶಿಯರ ಜೊತೆ ಕೆಲಸ ಇರುವುದಿಲ್ಲ."

ಅವಳು ಮೂರನೆಯ ಹಾಳೆಯ ಕೊನೆಗೆ ಬಂದಳು. ಪೆನ್ನು ಒಂದು ಕ್ಷಣ ಕಾಗದದ ಮೇಲೆ ನಿಂತಿತು.

ಬಾಗಿಲು ತೆರೆಯಿತು. ಅಪ್ಪ ಒಳಗೆ ಬಂದ. ಹಿಂದೆ ಕಾಕಾ. ಅಪ್ಪನ ಕೈಯಲ್ಲಿ ಸಾಮಾನು ಕಟ್ಟುವ ಹಗ್ಗ ಇನ್ನೂ ಹಾಗೇ ಇತ್ತು.

"ಸಹಿ ಮಾಡಬ್ಯಾಡವಾ," ಎಂದ, ಹಿಂದಿ ಮರೆತು. ಮೇಘಾಳಿಗೆ ಅದು ಹೇಗೆ ತಿಳಿಯಿತೋ, ಪೆನ್ನು ಎತ್ತಿದಳು.

ಅಪ್ಪ ನನ್ನ ಕಡೆ ತಿರುಗಿದ. ದನಿ ಏರಿಸಲಿಲ್ಲ.

"ಎದ್ ನಿಂದ್ರು ಸಂಗ್ಯಾ. ಹದಿನಾಕ ಗುಂಪಿಗಿ ಕಳಿಸಿದಾಂವ ಯಾರು?"

"ಯಪ್ಪಾ, ಅದು ಹೆಂಗಾತಂದ್ರ…"

"ಯಾರಂತ ಕೇಳೀನಿ. ಹೆಂಗಂತ ಕೇಳಿಲ್ಲ."

"ನಾನ."

"ಬೇಟಿ, ಇವ್ರಿಗಿ ಹೇಳು," ಎಂದ ಅಪ್ಪ.

ಮೇಘಾ ಹೇಳಲಿಲ್ಲ. ಅಧಿಕಾರಿ ಏನೆಂದು ಕೇಳಿದ. ಅವಳು ಮೇಜಿನ ಅಂಚನ್ನು ನೋಡುತ್ತ ಕುಳಿತಳು. ಆ ಕೋಣೆಯಲ್ಲಿ ನನ್ನ "ನಾನ" ಎಂಬ ಮಾತನ್ನು ಚೀನಿ ಮಾಡಬಲ್ಲವಳು ಅವಳೊಬ್ಬಳೇ. ಮಾಡಿದರೆ ಬಿಡುಗಡೆ ಅವಳಿಗೇ. ಅವಳು ನನ್ನ ಕಡೆ ನೋಡಿದಳು, ಬೇಡ ಎನ್ನುವಂತೆ ತುಸುವೇ ತಲೆ ಆಡಿಸಿದಳು.

ಅಪ್ಪ ನನ್ನ ಮಣಿಕಟ್ಟು ಹಿಡಿದು, ನನ್ನ ಬೆರಳನ್ನು ಮುದ್ರಿಸಿದ ಬ್ಯಾನರಿನ ಮೇಲೆ ಒತ್ತಿದ. ಅದೇ ಬೆರಳನ್ನು ಮೇಘಾಳ ಫೋನಿನ ಮೇಲೆ ಒತ್ತಿದ. ನಂತರ ನನ್ನ ಎದೆಯ ಮೇಲೆ. ಕೊನೆಗೆ ತನ್ನ ಕೈಯನ್ನು ತನ್ನ ಎದೆಯ ಮೇಲಿಟ್ಟು ಅಧಿಕಾರಿಯ ಮುಂದೆ ನಿಂತ.

ಅಧಿಕಾರಿಯ ನಗು ಮೊದಲ ಸಲ ನಿಂತಿತು. ಅವನು ಮೇಘಾಳ ಮುಂದಿದ್ದ ಮೂರು ಹಾಳೆಗಳನ್ನು ನಿಧಾನವಾಗಿ ತನ್ನ ಕಡೆ ಎಳೆದುಕೊಂಡ. ಫೈಲಿನಿಂದ ಒಂದು ಖಾಲಿ ಹಾಳೆ ತೆಗೆದು ನನ್ನ ಮುಂದೆ ಇಟ್ಟ.

ಅಪ್ಪ ತನ್ನ ಜೇಬಿನ ಪೆನ್ನು ತೆಗೆದು, ಅದರ ಟೊಪ್ಪಿಗೆ ಬಿಚ್ಚಿ ನನ್ನ ಕೈಗೆ ಕೊಟ್ಟ.

"ಬರಿ," ಎಂದ. "ಕನ್ನಡದಾಗ ಬರಿ. ಓದೂದು ಅವ್ರ ಕೆಲಸ."